ಗೊತ್ತಿಲ್ಲ ಎನ್ನಲು ಕಲಿಸಿದ ಕ್ಯಾಂಪಸ್

ನಾವು 2020ರಲ್ಲಿ ಬಿಇ ಸೇರಿದವರು. ಯಾವ ಬ್ಯಾಚ್ ಎಂದು ಕೇಳಿದವರಿಗೆ ಇಸವಿ ಹೇಳಿದರೆ ಸಾಕು, ‘ಓ, ಕೊರೊನಾ ಬ್ಯಾಚಾ?’ ಎಂದು ನಗುತ್ತಾರೆ. ನಗಲಿ ಬಿಡಿ, ನಮಗೂ ಅಭ್ಯಾಸವಾಗಿದೆ. ಆ ವರ್ಷ ನಮ್ಮ ದ್ವಿತೀಯ ಪಿಯು ಇಂಗ್ಲಿಷ್ ಪರೀಕ್ಷೆ ಮಾರ್ಚ್‌ನಿಂದ ಮುಂದಕ್ಕೆ ಹೋಗಿ ಜೂನ್ 18ರಂದು ನಡೆಯಿತು. ಜುಲೈ 30 ಮತ್ತು 31ರಂದು ಸಿಇಟಿ ಬರೆದೆವು. ಮಾಸ್ಕ್, ಸ್ಯಾನಿಟೈಸರ್, ಜ್ವರ ನೋಡುವ ಗನ್ ಎಲ್ಲವನ್ನೂ ದಾಟಿ ಬಂದವರಿಗೆ ಸೀಟೇನೋ ಸಿಕ್ಕಿತು, ಕಾಲೇಜು ಸಿಗಲಿಲ್ಲ. ಮೊದಲ ಎರಡು ಸೆಮಿಸ್ಟರ್‌ಗಳ ಬಹುಪಾಲು ಮನೆಯಲ್ಲೇ ಕಳೆಯಿತು. ನಡುವೆ ಕಾಲೇಜು ತೆರೆದಾಗಲೂ ಆನ್‌ಲೈನ್ ತರಗತಿಯ ಆಯ್ಕೆ ಇದ್ದುದರಿಂದ ನನ್ನಂಥ ದೂರದೂರಿನವರು ಮನೆ ಬಿಟ್ಟು ಹೊರಡಲಿಲ್ಲ. ಅಷ್ಟರಲ್ಲಿ ಎರಡನೇ ಅಲೆ ಬಂತು.

ನಮ್ಮೂರು ಸಾಗರ ತಾಲ್ಲೂಕಿನ ಒಳಭಾಗದಲ್ಲಿದೆ. ಮನೆಯ ಜಗುಲಿಯಲ್ಲಿ ಕುಳಿತರೆ ಸಿಗ್ನಲ್ ಒಂದು ಕಡ್ಡಿ, ತೋಟದ ಮೇಲಿನ ಗುಡ್ಡ ಹತ್ತಿದರೆ ಮೂರು ಕಡ್ಡಿ. ಹಾಗಾಗಿ ನನ್ನ ಮೊದಲ ವರ್ಷದ ಎಂಜಿನಿಯರಿಂಗ್ ಕಾಲೇಜು ಆ ಗುಡ್ಡದ ಮೇಲಿನ ಒಂದು ಗೇರು ಮರದ ಬುಡ. ಸುಳ್ಯ ತಾಲ್ಲೂಕಿನಲ್ಲಿ ಮಳೆಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ 2021ರ ಜೂನ್‌ನಲ್ಲಿ ಪತ್ರಿಕೆಗಳಲ್ಲಿ ಬಂದಿತ್ತಲ್ಲ, ಅದನ್ನು ನೋಡಿ ರಾಜ್ಯವೇ ಮರುಗಿತು. ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಮಾತ್ರ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮೆಲ್ಲರ ಮನೆಯಲ್ಲೂ ಅಂಥದ್ದೊಂದು ಕೊಡೆ ಇತ್ತು.

ಮೂರನೇ ಸೆಮಿಸ್ಟರ್‌ಗೆ ಮೈಸೂರಿನ ಕಾಲೇಜಿಗೆ ಹೊರಟಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ‘ಇನ್ನೇನು, ಕಷ್ಟ ಮುಗೀತು’. ನಾನೂ ಹಾಗೇ ಅಂದುಕೊಂಡಿದ್ದೆ. ಸಿಗ್ನಲ್ ಹುಡುಕುವ ಕಷ್ಟವೇನೋ ಮುಗಿದಿತ್ತು. ಅದರ ಜಾಗಕ್ಕೆ ಬೇರೊಂದು ಬಂದು ಕುಳಿತಿತ್ತು.

ಕಣ್ಣಷ್ಟೇ ಗೊತ್ತಿದ್ದ ಗೆಳತಿಯರು

ಮೊದಲ ವಾರದ ತಮಾಷೆಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಒಂದು ವರ್ಷದಿಂದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೋಟ್ಸ್ ಹಂಚಿಕೊಂಡ ನಾವು ಒಬ್ಬರನ್ನೊಬ್ಬರು ಗುರುತಿಸಿದ್ದು ದನಿಯಿಂದ. ‘ನೀನೇ ಅಲ್ವಾ ಮ್ಯಾಥ್ಸ್ ಕ್ಲಾಸಲ್ಲಿ ಯಾವಾಗ್ಲೂ ನಾಯಿ ಬೊಗಳೋ ಸದ್ದು ಬರ್ತಿದ್ದ ಮನೆಯವಳು?’ ಎಂದು ಒಬ್ಬಳು ನನ್ನನ್ನು ಪತ್ತೆ ಹಚ್ಚಿದಳು. ಹೌದು, ಅದು ನಮ್ಮನೆ ಕರಿಯ. ಎಲ್ಲರ ಮುಖದ ಮೇಲೂ ಮಾಸ್ಕ್. ಕಣ್ಣು ನೋಡಿ ಮುಖವನ್ನು ನಾವೇ ಕಲ್ಪಿಸಿಕೊಂಡಿದ್ದೆವು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೆ ಮಾಸ್ಕ್ ತೆಗೆದಾಗ ಎದುರಿಗೆ ಕುಳಿತವರು ಮತ್ತೆ ಅಪರಿಚಿತರು!

ದೇಹಕ್ಕೂ ಹೊಸ ಪಾಠ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆವರೆಗೆ ಮರದ ಬೆಂಚಿನ ಮೇಲೆ ಕೂರುವುದು ಅಷ್ಟು ಸುಲಭವಲ್ಲ. ಮನೆಯಲ್ಲಿ ಪಾಠ ಕೇಳುತ್ತಲೇ ಎದ್ದು ಒಂದು ಲೋಟ ಮಜ್ಜಿಗೆ ಕುಡಿದು ಬರಬಹುದಿತ್ತು. ಇಲ್ಲಿ ಆಕಳಿಸಿದರೂ ಮೇಷ್ಟರಿಗೆ ಕಾಣುತ್ತದೆ. ಅದಕ್ಕೆ ಸರಿಯಾಗಿ ವಿಟಿಯು ನಿಯಮದಂತೆ ಪ್ರತಿ ವಿಷಯದಲ್ಲೂ ಶೇ 85ರಷ್ಟು ಹಾಜರಿ ಬೇಕು. ಲಿಂಕ್ ಒತ್ತಿ ಹಾಜರಾಗುವ ಕಾಲ ಮುಗಿದಿತ್ತು.

ಇವೆಲ್ಲ ಎರಡು ಮೂರು ವಾರಗಳಲ್ಲಿ ಸರಿಹೋದವು. ಬೆನ್ನು ಬೆಂಚಿಗೆ ಹೊಂದಿಕೊಂಡಿತು, ನಾಲಿಗೆ ಮೆಸ್ಸಿನ ಉಪ್ಪಿಟ್ಟಿಗೆ ಹೊಂದಿಕೊಂಡಿತು. ಹೊಂದಿಕೊಳ್ಳಲು ನಿಜವಾಗಿ ಕಷ್ಟವಾದದ್ದು ಬೇರೆ ಒಂದಕ್ಕೆ. ಗೊತ್ತಿಲ್ಲದವರಾಗಿ ನಾಲ್ಕು ಜನರ ಕಣ್ಣಿಗೆ ಬೀಳುವುದಕ್ಕೆ.

ಅರವತ್ತು ‘ಎಸ್ ಸರ್’

ಆನ್‌ಲೈನ್ ತರಗತಿಯಲ್ಲಿ ಮೇಷ್ಟರು ‘ಅರ್ಥ ಆಯ್ತಾ?’ ಎಂದು ಕೇಳಿದರೆ ಚಾಟ್ ಬಾಕ್ಸ್‌ನಲ್ಲಿ ಸಾಲಾಗಿ ‘ಎಸ್ ಸರ್’ ಬೀಳುತ್ತಿತ್ತು. ಅರ್ಥವಾದವರದ್ದೂ ‘ಎಸ್ ಸರ್’, ಆಗದವರದ್ದೂ ‘ಎಸ್ ಸರ್’, ಒಲೆಯ ಮೇಲಿನ ಹಾಲು ನೋಡಿಕೊಳ್ಳುತ್ತಿದ್ದವರದ್ದೂ ‘ಎಸ್ ಸರ್’. ನಮ್ಮ ಅಧ್ಯಾಪಕರೊಬ್ಬರು ಈಗಲೂ ಹೇಳುತ್ತಾರೆ, ‘ಒಂದು ವರ್ಷ ನಾನು ಬಣ್ಣಬಣ್ಣದ ಅರವತ್ತು ಚುಕ್ಕೆಗಳಿಗೆ ಪಾಠ ಮಾಡಿದ್ದೀನಮ್ಮ’ ಎಂದು. ಕ್ಯಾಮೆರಾ ಆಫ್ ಇದ್ದರೆ ಹೆಸರಿನ ಮೊದಲ ಅಕ್ಷರ ಮಾತ್ರ ಒಂದು ಬಣ್ಣದ ಚುಕ್ಕೆಯಲ್ಲಿ ಕಾಣುತ್ತದಲ್ಲ, ಅದು ಅವರ ಕಣ್ಣಿಗೆ ನಾವು.

ಪಾಠ ಕೇಳುವ ವಿದ್ಯಾರ್ಥಿಯ ಮುಖ ನೋಡಿಯೇ ಮೇಷ್ಟರಿಗೆ ಅರ್ಧ ವಿಷಯ ಗೊತ್ತಾಗುತ್ತದೆ. ಹುಬ್ಬು ಗಂಟಿಕ್ಕಿದರೆ ಮತ್ತೊಮ್ಮೆ ಹೇಳುತ್ತಾರೆ, ಎಲ್ಲರೂ ಬರೆಯುವುದನ್ನು ನಿಲ್ಲಿಸಿದರೆ ಹಿಂದಕ್ಕೆ ಹೋಗುತ್ತಾರೆ. ಚುಕ್ಕೆಗೆ ಹುಬ್ಬಿಲ್ಲ. ಹೀಗಾಗಿ ಮೊದಲ ವರ್ಷದ ಗಣಿತ, ಬೇಸಿಕ್ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ವಿಷಯಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಡೆ ತೂತು ಉಳಿದುಬಿಟ್ಟಿತು. ಒಬ್ಬರಿಗೆ ಕರೆಂಟ್ ಹೋದ ದಿನದ ಪಾಠ, ಇನ್ನೊಬ್ಬರಿಗೆ ಡೇಟಾ ಖಾಲಿಯಾದ ದಿನದ ಪಾಠ, ಮತ್ತೊಬ್ಬರಿಗೆ ಮನೆಯವರಿಗೆಲ್ಲ ಜ್ವರ ಬಂದ ಮೇ ತಿಂಗಳಿಡೀ ನಡೆದ ಪಾಠ. ಎಲ್ಲರ ತೂತೂ ಬೇರೆ ಬೇರೆ ಆದ್ದರಿಂದ ತನಗೊಬ್ಬಳಿಗೇ ಬರುವುದಿಲ್ಲ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು.

ನನ್ನ ಹಾಸ್ಟೆಲ್ ರೂಮ್‌ಮೇಟ್ ಕೊಪ್ಪಳದ ಕಡೆಯವಳು. ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಬೆಳಿಗ್ಗೆ ಎಸ್ಸೆಸ್ಸೆಲ್ಸಿ ಓದುವ ತಮ್ಮನಿಗೆ, ಮಧ್ಯಾಹ್ನ ಇವಳಿಗೆ. ಬೆಳಗಿನ ಪಾಠಗಳನ್ನೆಲ್ಲ ಯಾರಾದರೂ ಕಳಿಸಿದ ಫೋಟೊ ನೋಡಿ ಬರೆದುಕೊಂಡಿದ್ದಳು. ಕಾಲೇಜಿಗೆ ಬಂದ ಮೂರನೇ ವಾರ ರಾತ್ರಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. ‘ನಾ ಊರಿಗೆ ಹೋಗ್ತೀನಿ. ನನ್ ಕೈಲೆ ಆಗಂಗಿಲ್ಲ ಇದು’ ಎಂದಳು. ಅವಳ ಅಪ್ಪ ಹಮಾಲಿ ಮಾಡಿ ಫೀಸ್ ಕಟ್ಟಿದ್ದರು. ಆಗುವುದಿಲ್ಲ ಎಂದು ಹೋದರೆ ಮತ್ತೆ ಬರಲು ಆಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾಳೆ ಒಂದು ದಿನ ಕ್ಲಾಸಿಗೆ ಬಾ, ಆಮೇಲೆ ಯೋಚನೆ ಮಾಡೋಣ ಎಂದೆ. ಅದಕ್ಕಿಂತ ದೊಡ್ಡ ಉಪದೇಶ ನನ್ನ ಬಳಿಯೂ ಇರಲಿಲ್ಲ.

ಮರುದಿನ ನೆಟ್‌ವರ್ಕ್ ಥಿಯರಿ ತರಗತಿ. ಬೋರ್ಡಿನ ತುಂಬ ‘ಜೆ’ ಅಕ್ಷರ. ‘ಇದು ಫಸ್ಟ್ ಇಯರಲ್ಲೇ ಆಗಿದೆ, ಎಲ್ಲರಿಗೂ ಗೊತ್ತು ತಾನೇ?’ ಎಂದರು ಸರ್. ತರಗತಿ ತೆಪ್ಪಗಿತ್ತು. ನನ್ನ ಪಕ್ಕ ಕುಳಿತಿದ್ದವಳು ಎದ್ದು ನಿಂತಳು. ‘ಸರ್, ಹೋದ ವರ್ಷದ್ದ ನನಗ ತಿಳಿದಿಲ್ರಿ. ಈ ಜೆ ಎಲ್ಲಿಂದ ಬಂತ್ರಿ?’ ಹೇಗೂ ಊರಿಗೆ ಹೊರಟವಳು, ಕೇಳಿಯೇ ಹೋಗುತ್ತೇನೆ ಎಂಬ ಧೈರ್ಯ ಇರಬೇಕು. ಯಾರಾದರೂ ನಗಬಹುದು ಎಂದು ನಾನು ಕಾದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ‘ನನಗೂ ಗೊತ್ತಿಲ್ಲ ಸರ್’ ಎಂದ. ಆಮೇಲೆ ಇನ್ನೊಬ್ಬ. ಸರ್ ಕೈ ಎತ್ತಲು ಹೇಳಿದಾಗ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲಿದ್ದವು.

ಸರ್ ಬೋರ್ಡ್ ಒರೆಸಿದರು. ಗಣಿತದಲ್ಲಿ ‘ಐ’ ಎನ್ನುವುದನ್ನೇ ನಾವು ‘ಜೆ’ ಎನ್ನುತ್ತೇವೆ, ಏಕೆಂದರೆ ನಮ್ಮಲ್ಲಿ ‘ಐ’ ಎಂದರೆ ಕರೆಂಟ್ ಎಂದು ಶುರು ಮಾಡಿದರು. ಇಂಡಕ್ಟರ್‌ನಲ್ಲಿ ವೋಲ್ಟೇಜು ಕರೆಂಟಿಗಿಂತ 90 ಡಿಗ್ರಿ ಮುಂದಿರುತ್ತದೆ, ಜೆ ಇಂದ ಗುಣಿಸುವುದು ಎಂದರೆ 90 ಡಿಗ್ರಿ ತಿರುಗಿಸುವುದು, ಅಷ್ಟೇ ಎಂದು ಗಡಿಯಾರದ ಮುಳ್ಳಿನ ಹಾಗೆ ಕೈ ತಿರುಗಿಸಿ ತೋರಿಸಿದರು. ಒಂದು ವರ್ಷದಿಂದ ಉರು ಹೊಡೆದ ಸೂತ್ರಕ್ಕೆ ಅವತ್ತು ಅರ್ಥ ಬಂತು. ಮುಂದಿನ ಮೂರು ವಾರ ಸಂಜೆ ನಾಲ್ಕೂವರೆಯಿಂದ ಮುಕ್ಕಾಲು ಗಂಟೆ ಮೊದಲ ವರ್ಷದ ಪಾಠವನ್ನೇ ಮತ್ತೆ ಮಾಡಿದರು. ರೂಮ್‌ಮೇಟ್ ಬ್ಯಾಗಿನಿಂದ ಬಟ್ಟೆ ತೆಗೆದು ಮತ್ತೆ ಕಪಾಟಿಗೆ ಇಟ್ಟಳು. ಅವಳೇನು ಕ್ಲಾಸಿಗೆ ಮೊದಲಿಗಳಾಗಿಲ್ಲ. ಆ ಸೆಮಿಸ್ಟರ್ ಎಲ್ಲ ವಿಷಯ ಪಾಸಾದಳು, ಇವತ್ತು ಐದನೇ ಸೆಮಿಸ್ಟರ್‌ನಲ್ಲಿ ನನ್ನ ಜೊತೆಗೇ ಇದ್ದಾಳೆ. ನನಗೆ ಅದು ಸಣ್ಣ ವಿಷಯವಲ್ಲ. ಏಕೆಂದರೆ ಮೊದಲ ವರ್ಷದಲ್ಲಿ ನಮ್ಮ ಗುಂಪಿನಿಂದ ಇಬ್ಬರು ಓದು ಬಿಟ್ಟು ಹೋದರು. ಅವರು ಹೋದದ್ದು ನಮಗೆ ತಿಳಿದದ್ದು ‘ಲೆಫ್ಟ್’ ಎಂಬ ವಾಟ್ಸ್‌ಆ್ಯಪ್‌ನ ಒಂದು ಸಾಲಿನಿಂದ. ಇಲ್ಲಿ ಹಾಗಲ್ಲ. ಒಬ್ಬಳು ರಾತ್ರಿ ಊಟಕ್ಕೆ ಬರದಿದ್ದರೆ ಮೆಸ್ಸಿನ ಅಕ್ಕನೇ ‘ನಿನ್ ಜೊತೆಯವ್ಳು ಎಲ್ಲಮ್ಮ?’ ಎಂದು ಕೇಳುತ್ತಾರೆ. ಖಾಲಿ ಬೆಂಚು ಎಲ್ಲರ ಕಣ್ಣಿಗೂ ಬೀಳುತ್ತದೆ.

ಸಡಿಲವಾದ ತೂತು

ಇನ್ನೊಂದು ಪಾಠ ಕಲಿತದ್ದು ಲ್ಯಾಬಿನಲ್ಲಿ. ಮನೆಯಲ್ಲಿದ್ದಾಗ ಪ್ರಯೋಗಗಳನ್ನೆಲ್ಲ ಸಿಮ್ಯುಲೇಷನ್ ತಂತ್ರಾಂಶದಲ್ಲಿ ಮಾಡಿದ್ದೆವು. ಮೌಸ್ ಎಳೆದರೆ ತಂತಿ, ಕ್ಲಿಕ್ ಮಾಡಿದರೆ ಡಯೋಡ್. ಅಲ್ಲಿ ಡಯೋಡ್ ಎಂದರೆ ಒಂದು ತ್ರಿಕೋನ, ಅದರ ತುದಿಗೊಂದು ಗೆರೆ. ಕೈಯಲ್ಲಿ ಹಿಡಿದರೆ ಅದು ಜೀರಿಗೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಉರುಳೆ, ಒಂದು ತುದಿಗೆ ಬೆಳ್ಳಿ ಬಣ್ಣದ ಪಟ್ಟಿ. ಆ ಪಟ್ಟಿ ಇರುವ ಕಡೆ ಕ್ಯಾಥೋಡ್ ಎಂಬುದನ್ನು ಮೊದಲು ಕಣ್ಣಿಗೆ ಕಲಿಸಬೇಕು.

ಮೊದಮೊದಲ ಪ್ರಯೋಗಗಳಲ್ಲಿ ಒಂದು, ನಾಲ್ಕು ಡಯೋಡ್‌ಗಳ ಬ್ರಿಡ್ಜ್ ರೆಕ್ಟಿಫೈಯರ್. ಮನೆಗೆ ಬರುವ ಎಸಿ 50 ಹರ್ಟ್ಸ್. ಈ ಸರ್ಕೀಟು ಎರಡೂ ಅರ್ಧವನ್ನು ಒಂದೇ ಕಡೆಗೆ ತಿರುಗಿಸುವುದರಿಂದ ಸಿಆರ್‌ಒ ಪರದೆಯ ಮೇಲೆ ಸೆಕೆಂಡಿಗೆ 100 ಗುಡ್ಡ ಕಾಣಬೇಕು. ನಮ್ಮ ಟೇಬಲ್‌ನಲ್ಲಿ ಒಂದು ಬಿಟ್ಟು ಒಂದು ಗುಡ್ಡ ಮಾಯ. ಸರ್ಕೀಟನ್ನು ಮೂರು ಸಲ ನೋಡಿದೆವು. ಎಲ್ಲ ಪುಸ್ತಕದಲ್ಲಿ ಇದ್ದ ಹಾಗೇ ಇದೆ. ಕೊನೆಗೆ ಲ್ಯಾಬ್ ನೋಡಿಕೊಳ್ಳುವ ಇನ್‌ಸ್ಟ್ರಕ್ಟರ್ ಸರ್ ಬಂದು ಒಂದು ಡಯೋಡಿನ ಕಾಲು ಕಿತ್ತು ಅದೇ ಸಾಲಿನ ಪಕ್ಕದ ತೂತಿಗೆ ಚುಚ್ಚಿದರು. ಗುಡ್ಡಗಳೆಲ್ಲ ಸಾಲಾಗಿ ಬಂದವು. ‘ಈ ತೂತು ಸಡಿಲ ಆಗಿದೆ ಕಣಮ್ಮ, ಬೋರ್ಡು ಹಳೇದು’ ಎಂದರು.

ಸಿಮ್ಯುಲೇಷನ್‌ನಲ್ಲಿ ತಂತಿ ಸಡಿಲವಾಗುವುದಿಲ್ಲ. ಬ್ರೆಡ್‌ಬೋರ್ಡಿನ ಒಂದು ಸಾಲಿನಲ್ಲಿರುವ ಐದು ತೂತುಗಳಿಗೂ ಒಳಗೆ ಒಂದೇ ಲೋಹದ ಪಟ್ಟಿಯ ಸಂಪರ್ಕ ಇರುತ್ತದೆ, ಒಂದು ಹಾಳಾದರೆ ಪಕ್ಕದ್ದರಲ್ಲಿ ಕೆಲಸ ನಡೆಯುತ್ತದೆ ಎಂಬುದನ್ನು ಪರದೆಯ ಮೇಲೆ ಕಲಿಯುವ ಅವಕಾಶವೇ ಬರುವುದಿಲ್ಲ. ಎಲ್ಲವೂ ಸರಿಯಿದ್ದೂ ಫಲಿತಾಂಶ ಬರದೇ ಇರುವುದು, ಆಗ ಪಕ್ಕದ ಟೇಬಲ್‌ನವರನ್ನು ‘ನಿಮ್ದು ಬಂತೇನ್ರೇ?’ ಎಂದು ಕೇಳುವುದು, ಅವರ ಮಲ್ಟಿಮೀಟರ್ ಎರವಲು ತರುವುದು, ಐವತ್ತು ದಾಟಿದ ಇನ್‌ಸ್ಟ್ರಕ್ಟರ್ ಬೆರಳಲ್ಲಿ ಮುಟ್ಟಿ ನೋಡಿ ಕಂಡುಹಿಡಿಯುವುದು, ಇದೆಲ್ಲ ಸೇರಿ ಎಂಜಿನಿಯರಿಂಗ್. ಇದರಲ್ಲಿ ಒಬ್ಬರೇ ಮಾಡುವ ಕೆಲಸ ಬಹಳ ಕಡಿಮೆ.

ನಮಗೆ ಕೆಲಸಕ್ಕೆ ಬಂದ ಕೆಲವು ದಾರಿಗಳು

ನಮಗಿಂತ ಒಂದು ವರ್ಷ ಕಿರಿಯರ ಕಥೆ ಇನ್ನೂ ವಿಚಿತ್ರ. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಯಿತು. ಎಸ್ಸೆಸ್ಸೆಲ್ಸಿಯಿಂದ ಶೇ 45, ಪ್ರಥಮ ಪಿಯುನಿಂದ ಶೇ 45, ಉಳಿದ ಶೇ 10 ಆಂತರಿಕ ಮೌಲ್ಯಮಾಪನದಿಂದ ತೆಗೆದುಕೊಂಡು ಫಲಿತಾಂಶ ಕೊಟ್ಟರು. ಸಿಇಟಿ ರ್‍ಯಾಂಕಿಗೂ ಆ ವರ್ಷ ಪಿಯು ಅಂಕ ಸೇರಿಸಲಿಲ್ಲ. ಹೀಗೆ ಬಂದ ಜೂನಿಯರ್‌ಗಳು ಹಾಸ್ಟೆಲಿನಲ್ಲಿ ‘ಅಕ್ಕಾ, ಮೂರು ಗಂಟೆ ಕೂತು ಹೇಗೆ ಬರಿಯೋದು?’ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಮೊದಲನೆಯದು, ಕೈಗೆ ಬರೆಯುವ ಅಭ್ಯಾಸ. ನಮ್ಮ ಸ್ಕೀಮಿನಲ್ಲಿ 40 ಅಂಕ ಇಂಟರ್ನಲ್ಸ್‌ಗೆ, 60 ಅಂಕ ಸೆಮಿಸ್ಟರ್ ಪರೀಕ್ಷೆಗೆ. ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡು ಪ್ರಶ್ನೆ, ಒಂದನ್ನು ಆರಿಸಿ ಬರೆಯಬೇಕು. ಅಂದರೆ ಮೂರು ಗಂಟೆಯಲ್ಲಿ ಐದು ದೊಡ್ಡ ಉತ್ತರ, ಒಂದಕ್ಕೆ 36 ನಿಮಿಷ. ದಿನಕ್ಕೊಂದು ಹಳೆಯ ಪ್ರಶ್ನೆ ತೆಗೆದು, ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು, 36 ನಿಮಿಷ ಬರೆದೆವು. ಮೊದಲ ವಾರ ಹೆಬ್ಬೆರಳು ನೋವು. ತಿಂಗಳ ಹೊತ್ತಿಗೆ ಕೈ ತಾನಾಗಿ ಓಡಿತು.

ಎರಡನೆಯದು, ಸಂಜೆಯ ಗುಂಪು. ಆರು ಜನ ಮೆಸ್ಸಿನ ಟೇಬಲ್ ಸುತ್ತ ಕೂರುತ್ತೇವೆ. ನಿಯಮ ಒಂದೇ: ಗೊತ್ತಿರುವವರು ಹೇಳುವುದಕ್ಕಿಂತ ಮೊದಲು ಗೊತ್ತಿಲ್ಲದವರು ಎಲ್ಲಿಯವರೆಗೆ ಗೊತ್ತು ಎಂದು ಹೇಳಬೇಕು. ‘ಏನೂ ಗೊತ್ತಿಲ್ಲ’ ಎನ್ನುವವರಿಗೂ ಹೇಳುತ್ತಾ ಹೋದರೆ ಅರ್ಧ ದಾರಿ ಗೊತ್ತಿರುತ್ತದೆ. ಎಲ್ಲಿ ನಿಂತಿತು ಎಂಬುದು ತಿಳಿದರೆ ಉಳಿದದ್ದು ಹತ್ತು ನಿಮಿಷದ ಕೆಲಸ.

ಮೂರನೆಯದು, ಅಧ್ಯಾಪಕರ ಕೋಣೆಯ ಬಾಗಿಲು. ಒಬ್ಬರೇ ಹೋಗಲು ಹೆದರಿಕೆಯಾದರೆ ಇಬ್ಬರು ಹೋಗಿ. ತರಗತಿ ಮುಗಿದ ದಿನವೇ ಹೋಗಿ. ಕೇಳಬೇಕಾದ ಪ್ರಶ್ನೆಯನ್ನು ಕಾಗದದಲ್ಲಿ ಬರೆದುಕೊಂಡರೆ ಅಲ್ಲಿ ಹೋದ ಮೇಲೆ ನಾಲಿಗೆ ಒಣಗುವುದಿಲ್ಲ. ನಾವು ಬರಲಿ ಎಂದು ಕಾಯುವ ಮೇಷ್ಟರು ಎಷ್ಟು ಜನ ಇದ್ದಾರೆ ಎಂಬುದು ಹೋದವರಿಗಷ್ಟೇ ಗೊತ್ತಾಗುತ್ತದೆ.

ನಾಲ್ಕನೆಯದು, ಓದಿಗೆ ಸಂಬಂಧವಿಲ್ಲದ ಮಾತು. ಮೂರನೇ ಸೆಮಿಸ್ಟರ್‌ನಲ್ಲಿ ನಮಗೆ ಆಡಳಿತ ಕನ್ನಡ, ಕನ್ನಡ ಬಾರದವರಿಗೆ ವ್ಯಾವಹಾರಿಕ ಕನ್ನಡ ಎಂಬ ಪತ್ರಿಕೆ ಇತ್ತು. ಬಿಹಾರದ ಗೆಳತಿಯೊಬ್ಬಳು ಅಲ್ಲಿ ಕಲಿತದ್ದನ್ನೆಲ್ಲ ಕ್ಯಾಂಟೀನಿನ ಅಣ್ಣನ ಮೇಲೆ ಪ್ರಯೋಗಿಸುತ್ತಿದ್ದಳು. ‘ಅಣ್ಣಾ, ಒಂದು ಮಸಾಲೆ ದೋಸೆ ಕೊಡಿ, ಚಟ್ನಿ ಜಾಸ್ತಿ ಹಾಕಿ’ ಎಂದು ತಪ್ಪಿಲ್ಲದೆ ಹೇಳಿದ ದಿನ ಅವರು ದುಡ್ಡೇ ತೆಗೆದುಕೊಳ್ಳಲಿಲ್ಲ. ಇಂಥ ಹತ್ತು ನಿಮಿಷಗಳು ಯಾವ ಟೈಮ್ ಟೇಬಲ್‌ನಲ್ಲೂ ಇರುವುದಿಲ್ಲ. ಆದರೆ ಮನೆಯ ನೆನಪಾಗಿ ಅಳು ಬರುವ ಭಾನುವಾರಗಳಲ್ಲಿ ಕೈ ಹಿಡಿಯುವುದು ಇವೇ.

ಹಾಗೆಂದು ಆನ್‌ಲೈನ್ ಕಲಿಕೆಯನ್ನು ಬೈಯುವ ಮನಸ್ಸು ನನಗಿಲ್ಲ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಗೇರು ಮರದ ಬುಡದಲ್ಲಿ ಕುಳಿತು ಕೇಳಿದವಳು ನಾನು. ಅರ್ಥವಾಗದಿದ್ದರೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಐದು ಸಲ ಕೇಳುವ ಸೌಲಭ್ಯ ತರಗತಿಯಲ್ಲಿಲ್ಲ. ಮನೆಯಲ್ಲಿದ್ದ ಆ ಒಂದೂವರೆ ವರ್ಷದಲ್ಲಿ ಅಮ್ಮನ ಜೊತೆ ಅಡಿಕೆ ಸುಲಿಯುತ್ತಾ ಮಾತಾಡಿದಷ್ಟು ಮುಂದೆ ಯಾವತ್ತೂ ಆಡಲಾರೆವೇನೋ. ಒಬ್ಬರೇ ಕುಳಿತು ಹುಡುಕಿ ಕಲಿಯುವ ಗುಣ ಅಲ್ಲಿ ಬಂತು. ಅದನ್ನು ಬಿಡುವುದು ಬೇಡ. ಸಂಜೆಯ ಗುಂಪಿನಲ್ಲಿ ಸಿಕ್ಕಿಕೊಂಡ ಪ್ರಶ್ನೆಗೆ ಈಗಲೂ ರಾತ್ರಿ ಆ ವಿಡಿಯೊಗಳೇ ನಮ್ಮ ಮೇಷ್ಟರು.

ಸಂದರ್ಶನದ ಕುರ್ಚಿಯಲ್ಲೂ

ಇನ್ನು ಸ್ವಲ್ಪ ದಿನಕ್ಕೆ ನಮ್ಮ ಬ್ಯಾಚಿಗೆ ಪ್ಲೇಸ್‌ಮೆಂಟ್ ಗಾಳಿ ಬೀಸಲಿದೆ. ಹೋದ ವರ್ಷ ಕೆಲಸ ಸಿಕ್ಕ ಸೀನಿಯರ್ ಅಕ್ಕ ಒಬ್ಬರು ನಮ್ಮನ್ನು ಕೂರಿಸಿಕೊಂಡು ಹೇಳಿದ ಮಾತು ಇದು: ತಾಂತ್ರಿಕ ಸಂದರ್ಶನದಲ್ಲಿ ನಮಗೆ ಗೊತ್ತಿಲ್ಲದ ಜಾಗ ತಲುಪುವವರೆಗೂ ಅವರು ಪ್ರಶ್ನೆ ಕೇಳುತ್ತಲೇ ಹೋಗುತ್ತಾರೆ. ಅಲ್ಲಿ ನಾವು ಏನು ಮಾಡುತ್ತೇವೆ ಎಂಬುದೇ ಅವರಿಗೆ ಬೇಕಾದದ್ದು. ಬಾಯಿಗೆ ಬಂದದ್ದು ಹೇಳುತ್ತೇವೋ, ಸುಮ್ಮನೆ ಕೂರುತ್ತೇವೋ, ಅಥವಾ ‘ಇಷ್ಟು ಗೊತ್ತು, ಇಲ್ಲಿಂದ ಮುಂದೆ ಗೊತ್ತಿಲ್ಲ, ಹೀಗೆ ಯೋಚಿಸಬಹುದು ಅನಿಸುತ್ತದೆ’ ಎನ್ನುತ್ತೇವೋ. ಅಕ್ಕ ಇದನ್ನು ಹೇಳುವಾಗ ನನ್ನ ರೂಮ್‌ಮೇಟ್ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು.

ಕೆಲಸಕ್ಕೆ ಸೇರಿಯೂ ಮನೆಯಿಂದಲೇ ದುಡಿದು, ಈಗ ಕಚೇರಿಗೆ ಬನ್ನಿ ಎಂಬ ಮೇಲ್ ನೋಡಿ ಹೆದರಿರುವ ಅಣ್ಣ ಅಕ್ಕಂದಿರಿಗೂ ಬಹುಶಃ ಇದೇ ಕಷ್ಟ. ಪಕ್ಕದ ಕುರ್ಚಿಯವರು ನೋಡುತ್ತಿರುವಾಗ ತಡವರಿಸುವುದು ಮನೆಯಲ್ಲಿ ಒಬ್ಬರೇ ತಡವರಿಸಿದಷ್ಟು ಸುಲಭವಲ್ಲ. ಆದರೆ ಪಕ್ಕದವರು ನೋಡಿದರೆ ತಾನೇ ಸಹಾಯಕ್ಕೆ ಬರುವುದು?

ಮುಂದಿನ ವಾರ ನಿಮ್ಮ ತರಗತಿಯಲ್ಲಿ ಮೇಷ್ಟರು ‘ಅರ್ಥ ಆಯ್ತಾ?’ ಎಂದು ಕೇಳುತ್ತಾರೆ. ಆಗದಿದ್ದರೆ ಕೈ ಎತ್ತಿ. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬರು ನೀವು ಕೇಳಲಿ ಎಂದೇ ಕಾಯುತ್ತಿರುತ್ತಾರೆ.